ಎಪ್ಪತ್ತೆಂಟು ಕಂಬಗಳ ಜಮಾದಾರ

ಶಹಾಬಾದಿನ ಬಸವಂತರಾಯ ಸಾವುಕಾರರ ಕಲ್ಲಿನ ಖಣಿಯಲ್ಲಿ ಚಂದ್ರಾಮಪ್ಪ ಹನ್ನೊಂದು ವರ್ಷ ಚಿಟ್ಟಿ ಒಯ್ಯುವ ಕೆಲಸ ಮಾಡಿದ. ಖಣಿ ಇದ್ದದ್ದು ಊರಿನಿಂದ ಮೂರು ಮೈಲು ಆಚೆ, ದಂಡೋತಿಯ ಕಡೆಗೆ ಹೋಗುವ ಹಾದಿಯಲ್ಲಿ. ಅಲ್ಲಿ ಎಬ್ಬಿಸಿದ ಹಾಸುಗಲ್ಲು ಎತ್ತಿನ ಬಂಡಿಗಳಲ್ಲಿ ಶಹಾಬಾದ ಸ್ಟೇಷನ್ನಿಗೆ ಬಂದು, ಅಲ್ಲಿ ರೈಲಿನ ಡಬ್ಬಿ ಹತ್ತಿ ಮುಂಬಯಿಗೋ ಮದ್ರಾಸಿಗೋ ಹೋಗುತ್ತಿತ್ತು. ಸ್ಟೇಷನ್ನಿನ ಮಾಲುಕಟ್ಟೆಯ ಪಕ್ಕದ ಕೋಣೆಯಲ್ಲಿ ಸಾವುಕಾರರ ಮುನಶಿ ಶೌಕತ ಅಲಿ ಕೂತಿರುತ್ತಿದ್ದ. ನಾಳೆ ಎಷ್ಟು ಡಬ್ಬಿ ಬರುತ್ತವೆ, ಯಾವ ಅಳತೆಯ ಕಲ್ಲು ಬೇಕು ಎಂದು ಅವನು ಉರ್ದುವಿನಲ್ಲಿ ಬರೆದ ಚಿಟ್ಟಿಯನ್ನು ಖಣಿಗೆ ಮುಟ್ಟಿಸುವುದು, ಖಣಿಯ ಜವಾಬನ್ನು ಅವನಿಗೆ ಮುಟ್ಟಿಸುವುದು, ಚಂದ್ರಾಮಪ್ಪನ ಕೆಲಸ ಇಷ್ಟೇ.

ಇಷ್ಟಕ್ಕೆ ಅವನಿಗೆ ಒಂದು ಇಡೀ ಹಗಲು ಬೇಕಾಗುತ್ತಿತ್ತು. ಹಾದಿಯಲ್ಲಿ ಒಂದು ಬೇವಿನ ಮರವಿತ್ತು, ಅದರ ಕೆಳಗೆ ಕೂತು ಎಲೆಅಡಿಕೆ ಹಾಕಿಕೊಳ್ಳಬೇಕು. ಮುಂದೆ ಒಂದು ಹಳ್ಳವಿತ್ತು, ಅಲ್ಲಿ ಕಾಲು ಮುಖ ತೊಳೆಯಬೇಕು. ಹಳ್ಳದ ಆಚೆ ಗುರುತಿನವರ ಹೊಲಗಳಿದ್ದವು. ಮಾತಾಡಿಸದೆ ಹೋದರೆ ಅವರು ಏನು ತಿಳಿದಾರು. ಇನ್ನು ಸ್ಟೇಷನ್ನಿನಲ್ಲಿ ಮುನಶಿಯ ಕೋಣೆಗೆ ಹತ್ತಿಕೊಂಡೇ ಚಂದ್ರಾಮಪ್ಪನ ಹೆಂಡತಿ ಭೀಮಬಾಯಿಯ ಚಹಾದ ಅಂಗಡಿ. ಚಿಟ್ಟಿ ಅಂಗಿಯ ಕಿಸೆಯಲ್ಲಿದ್ದಂತೆಯೇ ಅಲ್ಲಿ ಎರಡು ಕಪ್ಪು ಚಹಾ ಮುಗಿಯುತ್ತಿತ್ತು.

ಒಂದು ದೀಪಾವಳಿಯ ಮುಂದೆ ಮದ್ರಾಸಿನ ವ್ಯಾಪಾರಿ, ದಪ್ಪ ಕಲ್ಲು ಬೇಡ, ತೆಳುವಿನದು ಕಳಿಸಿರಿ ಎಂದು ತಾರು ಕೊಟ್ಟ. ಮುನಶಿ ಎಂಟು ಗಂಟೆಗೇ ಚಿಟ್ಟಿ ಬರೆದ. ಚಂದ್ರಾಮಪ್ಪ ಅದನ್ನು ಒಯ್ಯುವಾಗ ದಪ್ಪ ಕಲ್ಲು ಹೇರಿದ ಹದಿನಾಲ್ಕು ಬಂಡಿಗಳು ಅವನಿಗೆ ಎದುರಾದವು. ಅವನು ನಿಂತು ಪ್ರತಿಯೊಬ್ಬ ಬಂಡಿಯವನನ್ನೂ ಮಾತಾಡಿಸಿ ಮುಂದೆ ಹೋದ. ಕಿಸೆಯಲ್ಲಿದ್ದ ಚಿಟ್ಟಿ ಆ ಬಂಡಿಗಳನ್ನೇ ತಡೆಯುವ ಚಿಟ್ಟಿ ಎಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಓದು ಬರುತ್ತಿರಲಿಲ್ಲ. ಆ ದಿನ ರೈಲಿನ ಡಬ್ಬಿಗಳು ಖಾಲಿ ಹೋದವು.

ಸಾವುಕಾರರಿಗೆ ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಏನೋ ಕೆಲಸಕ್ಕೆ ವಾಡಿ ಜಂಕ್ಷನ್ನಿಗೆ ಹೋದಾಗ, ಸ್ಟೇಷನ್ ಮಾಸ್ತರ ಒಂದು ಪೆಟಗಿಯ ಹಿಡಿಕೆ ತಿರುವಿ ಮುಂದಿನ ಸ್ಟೇಷನ್ನಿನವನೊಂದಿಗೆ ಬದಿಯಲ್ಲೇ ಕೂತವನ ಹಾಗೆ ಮಾತಾಡುವುದನ್ನು ಕಂಡರು. ಅವರು ಊರಿಗೆ ಬರಲಿಲ್ಲ; ಅಲ್ಲಿಂದಲೇ ಹೈದರಾಬಾದಿನ ಗಾಡಿ ಹತ್ತಿದರು.

ಅರ್ಜಿ ಕೊಟ್ಟು ಪರವಾನಗಿ ತಂದು, ಸಂಕ್ರಾಂತಿಯ ಹೊತ್ತಿಗೆ ಎರಡು ಟೆಲಿಫೋನ್ ಪೆಟಗಿಗಳೂ ಖಾಜಾ ಎಂಬ ಮಿಸ್ತ್ರಿಯೂ ಶಹಾಬಾದಿಗೆ ಬಂದಿಳಿದರು. ಖಣಿಯಿಂದ ಸ್ಟೇಷನ್ನಿನವರೆಗೆ ಎಪ್ಪತ್ತೆಂಟು ಕಂಬ ನೆಟ್ಟು ಒಂದೇ ಒಂದು ತಂತಿ ಎಳೆಯಬೇಕಾಗಿತ್ತು. ಹಾದಿ ಬಲ್ಲವನೆಂದು ಕಂಬದ ಕುಣಿ ತೋಡುವ ಆಳುಗಳಿಗೆ ಚಂದ್ರಾಮಪ್ಪನನ್ನೇ ಮುಂದಾಳು ಮಾಡಿದರು. "ತನ್ನ ನೌಕರಿ ಹುಗಿಯಲಿಕ್ಕ ತಾನs ಎಪ್ಪತ್ತೆಂಟು ಕುಣಿ ತೋಡಿಸಲಿಕತ್ತಾನ ನೋಡ್ರಿ" ಎಂದು ಖಣಿಯವರು ನಕ್ಕರು. ಅವನೂ ನಕ್ಕ. ಅದರ ಅರ್ಥ ಅವನಿಗೆ ಹೊಳೆದದ್ದು ಕೆಲಸ ಮುಗಿದ ಮೇಲೆ.

ಮೊದಲ ದಿನ ಸಾವುಕಾರರು ಖಣಿಯ ಕಡೆಯಿಂದ ಹಿಡಿಕೆ ತಿರುವಿದರು. ಸ್ಟೇಷನ್ನಿನ ಪೆಟಗಿ ಗಂಟೆ ಬಾರಿಸಿತು. ಕಿವಿಗೆ ಹಿಡಿಯುವ ಕೊಳವೆಯಿಂದ ಧಣಿಯ ಧ್ವನಿ ಬಂದದ್ದೇ ತಡ, ಶೌಕತ ಅಲಿ ಎದ್ದು ನಿಂತು ಚಪ್ಪಲಿ ಬಿಟ್ಟು ಪೆಟಗಿಗೆ ಸಲಾಮು ಮಾಡಿದ. ಸಾವುಕಾರರು ಮೂರು ಮೈಲು ಕೇಳಬೇಕೆಂದು ಎಷ್ಟು ಜೋರಾಗಿ ಕೂಗಿದರೆಂದರೆ ಖಣಿಯಲ್ಲಿ ಕಲ್ಲು ಒಡೆಯುವವರೆಲ್ಲ ಕೈ ನಿಲ್ಲಿಸಿ ನೋಡಿದರು.

ಖಾಜಾ ಮಿಸ್ತ್ರಿ ಹೈದರಾಬಾದಿಗೆ ಹೊರಡುವ ಮುಂದೆ ಎಲ್ಲರನ್ನೂ ಕೂಡಿಸಿ ತಿಳಿಸಿ ಹೇಳಿದ. "ತಂತಿ ಒಂದs ಅದ. ಎರಡನೇ ತಂತಿ ಕೆಲಸ ಭೂಮಿ ಮಾಡ್ತದ. ಅದಕ್ಕ ಎರಡೂ ಕಡಿ ತಾಮ್ರದ ತಗಡು ಆರು ಫೂಟು ಆಳ ಹುಗದೀನಿ. ನೀವು ಒಂದ್ ಮಾತು ನೆನಪ ಇಡ್ರಿ. ತಂತಿಯಿಂದ ಏನರ ಇಳಿಬಿದ್ದು ಹಸಿ ನೆಲಕ್ಕ ಹತ್ತಬಾರದು. ಹತ್ತಿದ್ರ ಮಾತು ಅಲ್ಲೇ ನೆಲದಾಗ ಇಳದು ಹೋಗ್ತದ."

ಕೇಳಿದವರಲ್ಲಿ ಈ ಮಾತನ್ನು ಸರಿಯಾಗಿ ಮನಸ್ಸಿಗೆ ತೆಗೆದುಕೊಂಡವನು ಚಂದ್ರಾಮಪ್ಪ ಒಬ್ಬನೇ. ಏಕೆಂದರೆ ಅಂದು ಬೆಳಿಗ್ಗೆ ಸಾವುಕಾರರು ಅವನನ್ನು ಕರೆದು, "ಚಂದ್ರಾಮ, ಇನ್ನ ಚಿಟ್ಟಿ ಕೆಲಸ ಇಲ್ಲ. ಅಮಾಸಿ ಆದ ಮ್ಯಾಲ ಸುತ್ತಿಗಿ ಹಿಡಿ" ಎಂದಿದ್ದರು. ಅವನಿಗೆ ವಯಸ್ಸು ನಲವತ್ತೈದು. ಹನ್ನೊಂದು ವರ್ಷದಲ್ಲಿ ಅವನು ಎತ್ತಿದ ಅತಿ ಭಾರದ ವಸ್ತು ಚಹಾದ ಕಪ್ಪು.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಟೆಲಿಫೋನ್ ಬಂದ್ ಆಯಿತು. ಸಾವುಕಾರರು ಹಿಡಿಕೆ ತಿರುವಿ ತಿರುವಿ ರಟ್ಟೆ ನೋಯಿಸಿಕೊಂಡರು. ಮಿಸ್ತ್ರಿ ಹೈದರಾಬಾದಿನಲ್ಲಿ. ಚಂದ್ರಾಮಪ್ಪ ಮತ್ತೆ ಚಿಟ್ಟಿ ಒಯ್ದ. ಮರುದಿನ ಅವನೇ ಮುಂದೆ ಬಂದು ಕೈಕಟ್ಟಿ ನಿಂತ.

"ಸಾವ್ಕಾರ್ರೆ, ಆ ಕಂಬ ನಾನs ನೆಡಿಸೀನಿ. ಒಂದ್ ಸಲ ನೋಡಿ ಬರ್ಲೇನ್ರಿ?"

"ನಿನಗ ಏನ್ ತಿಳೀತದ?"

"ತಿಳದ್ರ ತಿಳೀತದ, ಇಲ್ಲಂದ್ರ ಹ್ಯಾಂಗೂ ಬಂದ್ ಇದ್ದೇ ಅದ."

ಒಂದು ತಾಸಿನಲ್ಲಿ ಪೆಟಗಿ ಗಂಟೆ ಬಾರಿಸಿತು. ಚಂದ್ರಾಮಪ್ಪ ಮಾಡಿದ್ದು ಬಹಳ ಸಣ್ಣ ಕೆಲಸ. ಆಡಿಗೆ ತೊಪ್ಪಲು ಕೊಯ್ಯುವ ಉದ್ದ ದೋಟಿಯಿಂದ ಹಳ್ಳದ ಹತ್ತಿರ ತಂತಿಗೆ ಒಂದು ಹಳೆಯ ಕಬ್ಬಿಣದ ಸರಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಹಳ್ಳದ ನೀರಿನಲ್ಲಿ ಬಿಟ್ಟಿದ್ದ. ಈಗ ಹೋಗಿ ಅದನ್ನು ತೆಗೆದು ಜಾಲಿಯ ಗಿಡದೊಳಗೆ ಬಚ್ಚಿಟ್ಟ. ಸಾವುಕಾರರಿಗೆ, "ಕಾಗಿ ಗೂಡು ಕಟ್ಟಿತ್ರಿ" ಎಂದ.

ಎಂಟು ದಿನಕ್ಕೆ ಮತ್ತೆ ಬಂದ್ ಆಯಿತು. ಆ ಸಲ ಗಾಳಿಪಟದ ದಾರ. ಮೂರನೆಯ ಸಲ ಕೋತಿಗಳು ಜೋತುಬಿದ್ದಿದ್ದವು. ನಾಲ್ಕನೆಯ ಸಲ ಹಾವು ಕಂಬ ಏರಿ ತಂತಿಗೆ ಸುತ್ತಿಕೊಂಡಿತ್ತು.

"ಹೊಡದ್ಯೇನು?" ಎಂದು ಸಾವುಕಾರರು ಗಾಬರಿಯಿಂದ ಕೇಳಿದರು.

"ಛೇ, ಇಲ್ರಿ. ಕೈ ಮುಗದು ಬೇಡಿಕೊಂಡೆ. ತಾನs ಇಳದು ಹೋಯ್ತು."

ಸಾವುಕಾರರ ಕಣ್ಣು ಒದ್ದೆಯಾದವು. ಐದನೆಯ ಸಲ ಅವನು ಮುಕ್ಕಾಲು ತಾಸಿನಲ್ಲೇ ಸರಿಮಾಡಿ ಬಂದಾಗ ಅವರು ಎಲ್ಲರ ಮುಂದೆ ಹೇಳಿದರು, "ಮಿಸ್ತ್ರಿನ ಕರಸಬೇಕಂದ್ರ ನಾಕ್ ದಿನ. ನಮ್ಮ ಚಂದ್ರಾಮ ಒಂದ್ ತಾಸಿನಾಗ ಮಾಡ್ತಾನ. ಇಂಥಾವನ ಕೈಯಾಗ ಸುತ್ತಿಗಿ ಕೊಡಬೇಕೇನು?" ಶಿವರಾತ್ರಿಯ ಮರುದಿನ ಅವನು ತಂತಿ ಜಮಾದಾರನಾದ. ಖಾಕಿ ಕೋಟು ಬಂತು. ಕೆಟ್ಟ ಜಾಗಕ್ಕೆ ಬೇಗ ಮುಟ್ಟಲಿ ಎಂದು ಸಾವುಕಾರರು ಒಂದು ಸೈಕಲ್ಲನ್ನೂ ಕೊಟ್ಟರು. ಅದನ್ನು ಕಲಿಯುವಾಗ ಎರಡು ಸಲ ಮುನಶಿಯ ಬಾಗಿಲಿಗೆ, ಒಂದು ಸಲ ಮುನಶಿಗೇ ಹಾಯ್ದ.

ಭೀಮಬಾಯಿ ಕೋಟಿನ ಗುಂಡಿ ಮುಟ್ಟಿ ನೋಡಿದಳು.

"ಭಾಳ ಛಂದ ಅದ. ಒಂದ್ ಮಾತ್ ಕೇಳ್ಲೇನ್ರಿ?"

"ಕೇಳು."

"ಕಾಗಿ ಗೂಡು ಬಿಚ್ಚಿ ಬಂದಾಗ ನಿಮ್ಮ ಪಾದ ಹಸಿ ಇದ್ವು. ಕೋತಿ ಓಡಿಸಿ ಬಂದಾಗೂ ಹಸಿ ಇದ್ವು. ಆ ಹಾವು ಏನ್ ನೀರಹಾವೇನ್ರಿ?"

ಚಂದ್ರಾಮಪ್ಪ ಚಹಾ ಬಹಳ ಬಿಸಿ ಇದೆ ಎಂದು ಊದುತ್ತ ಕೂತ. ಅವಳು ಅಂದಿನಿಂದ ಅವನನ್ನು ಬರೀ ಜಮಾದಾರ ಎಂದು ಕರೆಯದೆ ನೀರಹಾವಿನ ಜಮಾದಾರ್ರೇ ಎನ್ನತೊಡಗಿದಳು.

ಕೋಟು ಬಂದ ಮೇಲೆ ತಂತಿ ಕೆಡಿಸುವ ಕಾರಣ ಉಳಿಯಲಿಲ್ಲ. ಎರಡು ತಿಂಗಳು ಫೋನು ಒಂದು ದಿನವೂ ನಿಲ್ಲಲಿಲ್ಲ. ಬಂಡಿಗಳು ಹೇಳಿದ ಹೊತ್ತಿಗೆ ಬಂದವು, ಹೇಳಿದ ಅಳತೆಯ ಕಲ್ಲೇ ಬಂತು, ಒಂದು ಡಬ್ಬಿಯೂ ಖಾಲಿ ಹೋಗಲಿಲ್ಲ. ಇದೆಲ್ಲ ಜಮಾದಾರನ ಎಚ್ಚರಿಕೆಯ ಫಲ ಎಂದು ಸಾವುಕಾರರು ತಿಳಿದರು. ಶೌಕತ ಅಲಿ ಮಾತ್ರ ಗಡ್ಡ ನೀವಿಕೊಳ್ಳುತ್ತ ಒಂದು ದಿನ ಕೇಳಿದ.

"ಚಂದ್ರಾಮ ಭಾಯಿ, ಖಾಕಿ ಕೋಟ್ ಬಂದಾಗಿಂದ ಕಾಗಿ, ಕೋತಿ, ಹಾವು ಎಲ್ಲಾ ಎಲ್ಲಿ ಹೋದ್ವು?"

"ಹೆದರ್ಯಾವ್ರಿ ಮುನಶಿ ಸಾಬ್. ಸರಕಾರಿ ಬಣ್ಣ ಅಲ್ಲೇನ್ರಿ."

ಯುಗಾದಿಯ ಸುಮಾರಿಗೆ ಒಂದು ಸಣ್ಣ ಜಗಳವಾಯಿತು. ಭೀಮಬಾಯಿ ಕಪ್ಪುಬಸಿ ತೊಳೆದ ನೀರನ್ನು ದಿನಾಲು ಮುನಶಿಯ ಕೋಣೆಯ ಮೂಲೆಯಲ್ಲಿ, ಕೊನೆಯ ಕಂಬದ ಬುಡಕ್ಕೆ ಚೆಲ್ಲುತ್ತಿದ್ದಳು. ಅಲ್ಲಿ ಕೆಸರಾಗಿ ನೊಣ ಕೂತು, ಒಮ್ಮೆ ಮುನಶಿಯ ಕಾಲಿನ ಹೊಸ ಜೋಡು ಅದರಲ್ಲಿ ಇಳಿಯಿತು. "ಇನ್ನ ಮ್ಯಾಲ ಒಂದ್ ಹನಿ ನೀರೂ ಇಲ್ಲಿ ಬೀಳಬಾರದು" ಎಂದು ಅವನು ಹುಕುಂ ಮಾಡಿದ. ಅಂದಿನಿಂದ ಅವಳು ನೀರನ್ನು ರಸ್ತೆಯ ಆಚೆ ಒಯ್ದು ಚೆಲ್ಲತೊಡಗಿದಳು.

ಮೂರು ವಾರ ಕಳೆದವು. ಶಹಾಬಾದಿನ ಬಿಸಿಲು ಕಲ್ಲಿನ ಮೇಲೆ ಬಿದ್ದು ಮೇಲೆದ್ದು ಮುಖಕ್ಕೆ ಬಡಿಯುವ ದಿನಗಳು ಬಂದವು. ಸಾವುಕಾರರ ಧ್ವನಿ ಮೊದಲು ಬಾವಿಯೊಳಗಿಂದ ಬಂದಂತೆ ಬಂತು, ಆಮೇಲೆ ಸೊಳ್ಳೆಯ ಹಾಗೆ, ಆಮೇಲೆ ಬರಲೇ ಇಲ್ಲ. ಗಂಟೆಯೂ ಹೊಡೆಯಲಿಲ್ಲ.

ಚಂದ್ರಾಮಪ್ಪ ಕೋಟು ಹಾಕಿಕೊಂಡು ಸೈಕಲ್ ಏರಿ ಹೊರಟ. ಅಭ್ಯಾಸಬಲದಿಂದ ನೇರವಾಗಿ ಹಳ್ಳಕ್ಕೇ ಹೋದ. ಅಲ್ಲಿ ನಿಂತು ಮೇಲೆ ನೋಡಿದ. ತಂತಿ ಸ್ವಚ್ಛವಾಗಿತ್ತು. ಜಾಲಿಯ ಗಿಡದೊಳಗೆ ಕೈ ಹಾಕಿದ. ಅವನ ಸರಿಗೆ ಅಲ್ಲೇ ಇತ್ತು. ತಾನು ಕೆಡಿಸದ ಒಂದು ಕೇಡನ್ನೂ ಅವನು ಈ ತನಕ ಹುಡುಕಿರಲಿಲ್ಲ.

ಅಂದು ಸಂಜೆಯವರೆಗೆ ಎಪ್ಪತ್ತೆಂಟು ಕಂಬ ನೋಡಿದ. ಮರುದಿನ ಎಲ್ಲವನ್ನೂ ಏರಿ, ತಂತಿ ಕೂತಿರುವ ಪಿಂಗಾಣಿ ಬಟ್ಟಲುಗಳನ್ನು ಒರೆಸಿದ. ಏನೂ ಆಗಲಿಲ್ಲ. ಬರುವ ಸೋಮವಾರ ಮುಂಬಯಿಯ ಒಂದು ಗಿರಣಿಗೆ ಇಪ್ಪತ್ತು ಡಬ್ಬಿ ಕಲ್ಲು ಹೋಗಬೇಕಾಗಿತ್ತು. ನಾಲ್ಕು ತರದ ಅಳತೆ. ಚಿಟ್ಟಿಗಳನ್ನು ಜಮಾದಾರನೇ ಸೈಕಲ್ಲಿನ ಮೇಲೆ ದಿನಕ್ಕೆ ಆರು ಸಲ ಒಯ್ದ. ಬೇವಿನ ಮರದ ಕೆಳಗೆ ಒಮ್ಮೆಯೂ ಕೂಡಲಿಲ್ಲ. ಖಾಕಿ ಕೋಟು ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಒಂದ್ ತಾಸಿನ ಕೆಲಸ ಇವತ್ತಿಗಿ ಮೂರ್ ದಿನ ಆಯ್ತಲ್ಲೋ" ಎಂದರು ಸಾವುಕಾರರು. ಅವರು ಬೈದಿದ್ದರೆ ಅವನಿಗೆ ಇಷ್ಟು ಕೆಡುಕೆನಿಸುತ್ತಿರಲಿಲ್ಲ. ಅವರು ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು.

ಮನೆಯಲ್ಲಿ ಊಟಕ್ಕೆ ಕೂತು ಅವನು ಭೀಮಬಾಯಿಗೆ ಎಲ್ಲವನ್ನೂ ಹೇಳಿಬಿಟ್ಟ. ಸರಿಗೆ, ದೋಟಿ, ಹಳ್ಳ, ಎಲ್ಲ. ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಇದು ನನಗ ಗೊತ್ತಿಲ್ಲೇನ್ರಿ? ಅದನ್ನ ಬಿಡ್ರಿ. ಖರೇನೇ ಕೆಟ್ಟದ್ದು ಹ್ಯಾಂಗ ಮಾಡ್ತೀರಿ ಹೇಳ್ರಿ."

"ಅದs ತಿಳೀವಲ್ದು."

ನಾಲ್ಕನೆಯ ದಿನ ಮಧ್ಯಾಹ್ನ ಅವನೂ ಶೌಕತ ಅಲಿಯೂ ಸ್ಟೇಷನ್ನಿನ ಕೋಣೆಯಲ್ಲಿ ಸತ್ತ ಪೆಟಗಿಯ ಮುಂದೆ ಕೂತಿದ್ದರು. ಚಂದ್ರಾಮಪ್ಪ ಕೊಳವೆಯನ್ನು ಕಿವಿಗೆ ಹಿಡಿದೇ ಇದ್ದ. ಬಿಸಿಲಿಗೆ ಮುನಶಿಯ ತಲೆ ಕೆಟ್ಟಿತ್ತು. ಭೀಮಬಾಯಿ ತಂದಿಟ್ಟ ಚಹಾ ಒಂದು ಗುಟುಕು ಕುಡಿದು, "ಇದು ಚಹಾ ಅಲ್ಲ, ಬರೇ ನೀರು" ಎಂದ.

ಅವಳು ಹೊರಗೆ ಹೋಗಿ ಕಪ್ಪುಬಸಿ ತೊಳೆದ ಬಕೀಟು ಎತ್ತಿದಳು. "ನೀರಂದ್ರ ಇದು ನೋಡ್ರಿ, ಮುನಶಿ ಸಾಬ್" ಎಂದು ಅಷ್ಟನ್ನೂ ಕೋಣೆಯ ಮೂಲೆಯ ಕಂಬದ ಬುಡಕ್ಕೆ ಸುರಿದಳು.

ಶೌಕತ ಅಲಿ ಬೈಯಲು ಎದ್ದ. ಚಂದ್ರಾಮಪ್ಪ ಅವನ ತೋಳು ಹಿಡಿದು ಕೂಡಿಸಿದ. ಕೊಳವೆಯೊಳಗೆ ಯಾರೋ ಮಾತಾಡುತ್ತಿದ್ದರು. ಇಬ್ಬರೂ ಒಂದೊಂದು ಕಿವಿ ಹಚ್ಚಿದರು. ಖಣಿಯಲ್ಲಿ ಸಾವುಕಾರರು ಈ ಕಡೆ ಕೇಳಿಸುವುದಿಲ್ಲ ಎಂಬ ಭರವಸೆಯಿಂದ, ಕೊಳವೆ ಕೈಯಲ್ಲಿ ಹಿಡಿದು ಪಕ್ಕದಲ್ಲಿದ್ದ ಯಾರಿಗೋ ಹೇಳುತ್ತಿದ್ದರು.

"…ಚಂದ್ರಾಮಗ ಸೈಕಲ್ ಕೊಟ್ಟದ್ದು ನಂದs ತಪ್ಪು. ಆ ಮುನಶಿ ಅಂತೂ ಬಿಡು, ಮಧ್ಯಾಹ್ನ ಆದ್ರ ರಿಜಿಸ್ಟರಿನ ಮ್ಯಾಲ ತಲಿ ಇಟ್ಟು ಗೊರಕಿ ಹೊಡೀತಾನ. ನನಗ ಗೊತ್ತಿಲ್ಲ ಅಂತ ತಿಳಕೊಂಡಾನ…"

ಶೌಕತ ಅಲಿಯ ಮುಖ ಸಣ್ಣದಾಯಿತು. ರಿಜಿಸ್ಟರಿನ ಮೇಲೆ ತಲೆಯೆಣ್ಣೆಯ ಗುರುತು ಇನ್ನೂ ಹಸಿಯಾಗಿಯೇ ಇತ್ತು. "ಸಲಾಮ್, ಸಾವ್ಕಾರ್ ಸಾಬ್" ಎಂದು ಮೆಲ್ಲಗೆ ಹೇಳಿದ. ಆ ಕಡೆ ಏನೋ ಕೆಳಗೆ ಬಿದ್ದ ಸಪ್ಪಳವಾಯಿತು.

ಅರ್ಧ ತಾಸಿಗೆ ಧ್ವನಿ ಮತ್ತೆ ಸೊಳ್ಳೆಯಾಯಿತು. ಚಂದ್ರಾಮಪ್ಪ ಹೊರಗೆ ಹೋಗಿ ಕಂಬದ ಬುಡ ನೋಡಿದ. ನೀರು ಆರಿತ್ತು. ಇನ್ನೊಂದು ಬಕೀಟು ತಂದು ಸುರಿದ. ಧ್ವನಿ ಬಂತು. ಖಾಜಾ ಹುಗಿದ ತಾಮ್ರದ ತಗಡು ಇಲ್ಲೇ ಕೆಳಗಿದೆ ಎಂದು ನೆನಪಾಗಿ ಅವನು ಕೋಟು ತೆಗೆದಿಟ್ಟು ಸಲಿಕೆ ಹಿಡಿದು ಅಗೆಯತೊಡಗಿದ. ಆರು ಫೂಟು ಬೇಕಾಗಲಿಲ್ಲ. ಒಂದೂವರೆ ಫೂಟಿಗೇ ಸಲಿಕೆ ಠಣ್ ಎಂದಿತು. ತಾಮ್ರದ ತಗಡು ಆಗತಾನೇ ನೆನೆದ ಮಣ್ಣಿನಲ್ಲಿ ಒಂದು ಹಾಸುಬಂಡೆಯ ಮೇಲೆ ಆರಾಮಾಗಿ ಮಲಗಿತ್ತು. ಬಂಡೆ ಸಿಕ್ಕ ಕೂಡಲೆ ಖಾಜಾ ಮಿಸ್ತ್ರಿ ಅಲ್ಲಿಗೇ ಕೈ ತೊಳೆದುಕೊಂಡಿದ್ದ. ಎರಡನೆಯ ತಂತಿಯ ಕೆಲಸ ಮಾಡಬೇಕಾದ ಭೂಮಿಗೆ ಗುಟುಕು ನೀರು ಕೊಟ್ಟು ಇಷ್ಟು ದಿನ ನಡೆಸಿದ್ದು ಭೀಮಬಾಯಿಯ ಕಪ್ಪುಬಸಿಯ ನೀರು. ಖಣಿಯ ಕಡೆಯ ತಗಡು ಮಾತ್ರ ನೀರು ಜಿನುಗುವ ಗುಂಡಿಯ ಅಂಚಿನಲ್ಲಿದ್ದುದರಿಂದ ಬದುಕಿಕೊಂಡಿತ್ತು.

ಅವನು ಮಣ್ಣುಗೈಯಲ್ಲೇ ನೆಲದ ಮೇಲೆ ಕೂತುಬಿಟ್ಟ. ಯಾರೂ ಹೇಳಿಕೊಡದೆ, ತಾನು ಹೂಡದೆ ಇದ್ದ ಒಂದು ಕೇಡನ್ನು ಅವನು ಕಂಡುಹಿಡಿದಿದ್ದ. ಇಂಥ ಸಂತೋಷ ಕೋಟು ಬಂದ ದಿನವೂ ಆಗಿರಲಿಲ್ಲ.

ಸಾವುಕಾರರು ಕುದುರೆಗಾಡಿಯಲ್ಲಿ ಬಂದಿಳಿದರು. ಚಂದ್ರಾಮಪ್ಪ ಕೈಕಟ್ಟಿ ಎಲ್ಲವನ್ನೂ ಬಿಡಿಸಿ ಹೇಳಿದ. ಅವರು ಅವನ ಮುಖವನ್ನೇ ನೋಡುತ್ತ ಕೇಳಿದರು.

"ನೆಲಕ್ಕ ನೀರ್ ಹಾಕಿದ್ರ ಮಾತು ಕೇಳಸ್ತದ?"

"ಹೌದ್ರಿ."

"ಚಂದ್ರಾಮ, ಹಾವು ಅಂದಿ, ನಂಬಿದೆ. ಕೋತಿ ಅಂದಿ, ನಂಬಿದೆ. ಇವತ್ತ್ಯಾಕ ಹಿಂಗ ಸುಳ್ಳ ಹೇಳಾಕತ್ತಿ?"

ಭೀಮಬಾಯಿ ಸೆರಗಿನೊಳಗೆ ಮುಖ ಮುಚ್ಚಿಕೊಂಡು ಅಂಗಡಿಯ ಹಿಂದೆ ಹೋದಳು. ಕೊನೆಗೆ ಶೌಕತ ಅಲಿಯೇ ಒಂದು ಕೊಡ ನೀರು ತಂದು ಸಾವುಕಾರರ ಕೈಗೆ ಕೊಟ್ಟ. ಅವರು ಅಭಿಷೇಕ ಮಾಡುವವರ ಹಾಗೆ ಸಣ್ಣ ಧಾರೆಯಾಗಿ ತಗಡಿನ ಮೇಲೆ ಸುರಿದರು. ಒಳಗೆ ಹೋಗಿ ಕೊಳವೆ ಹಿಡಿದರು. ಖಣಿಯವನು ಸ್ಪಷ್ಟವಾಗಿ ಕೇಳಿದ, "ಯಾರು? ಚಂದ್ರಾಮನೇನೋ? ಸಾವುಕಾರರ ಸಿಟ್ಟು ಇಳೀತೇನು?" ಅವರು ಕೊಳವೆ ಇಟ್ಟರು. ಹೊರಗೆ ಬಂದು, "ಇನ್ನೊಂದ್ ಕೊಡ ಹಾಕು" ಎಂದರು.

ಸೋಮವಾರದ ಇಪ್ಪತ್ತು ಡಬ್ಬಿ ಹೋಗುವವರೆಗೆ ತಗಡು ಹಸಿಯಾಗಿರಬೇಕಾಗಿತ್ತು. ಭೀಮಬಾಯಿಯನ್ನು ಕೇಳಿದರೆ ಅವಳು, "ಒಂದ್ ಹನಿ ಬೀಳಬಾರದು ಅಂತ ಮುನಶಿ ಸಾಬ್‌ರ ಹುಕುಂ ಅದರಿ. ನಾ ಹ್ಯಾಂಗ ಮೀರ್ಲಿ?" ಎಂದಳು. ಜಮಾದಾರ ತಂತಿ ಕಾಯುತ್ತ ಕಂಬಗಳ ಮೇಲಿದ್ದ. ಹೀಗಾಗಿ ಮೂರು ದಿನ ಶೌಕತ ಅಲಿಯೇ ಸ್ಟೇಷನ್ನಿನ ಬಾವಿಯಿಂದ ಕೊಡ ಹೊತ್ತ. ಮಧ್ಯಾಹ್ನದ ನಿದ್ದೆ ತಾನಾಗಿಯೇ ತಪ್ಪಿತು. ನಾಲ್ಕು ತರದ ಅಳತೆಯಲ್ಲಿ ಒಂದು ಕಲ್ಲೂ ತಪ್ಪದೆ ಇಪ್ಪತ್ತು ಡಬ್ಬಿ ತುಂಬಿ ಹೋದವು.

ಆ ವಾರದ ಕೊನೆಗೆ ಖಾಜಾ ಮಿಸ್ತ್ರಿಯನ್ನು ಕರೆಸಿದರು. ಅವನು ತಂತಿಯ ಉದ್ದಕ್ಕೂ ನಡೆದು ಬಂದು, ಭೀಮಬಾಯಿಯ ಅಂಗಡಿಯಲ್ಲಿ ಚಂದ್ರಾಮಪ್ಪನ ಎದುರು ಕೂತ.

"ಸಾವುಕಾರ್ರು ಹೇಳಿದ್ರು, ಹಾವು ಸುತಗೊಂಡು ಫೋನ್ ಬಂದ್ ಆಗಿತ್ತಂತ. ಇಪ್ಪತ್ತ್ ವರ್ಷದಾಗ ನಾ ಇಂಥಾದ್ದು ಕೇಳಿಲ್ಲ, ಜಮಾದಾರ."

"ನಾನೂ ಕೇಳಿರಲಿಲ್ರಿ, ತಾಮ್ರದ ತಗಡಿಗಿ ಆರು ಫೂಟಂದ್ರ ಒಂದೂವರಿ ಫೂಟು ಅಂತ."

ಖಾಜಾ ಚಹಾವನ್ನು ಬಸಿಗೆ ಸುರಿದುಕೊಂಡ.

"ಹಾವು ಭಾಳ ದೊಡ್ಡದಿತ್ತೇನು?" ಎಂದು ಖಾಜಾ ಕೇಳಿದ.

"ಹೂಂ. ಮಿಸ್ತ್ರಿ ತಗಡು ಹುಗದಷ್ಟು ಉದ್ದ ಇತ್ತು."

ಖಾಜಾ ನಕ್ಕು ಅಂಗಿಯ ತೋಳು ಮೇಲಕ್ಕೆ ಮಡಿಸಿದ. ಆ ದಿನವೇ ಇಬ್ಬರೂ ಸೇರಿ ಕಂಬದಿಂದ ಸ್ಟೇಷನ್ನಿನ ಬಾವಿಯ ತನಕ ತಂತಿ ಎಳೆದು, ಬಾವಿಯ ಪಕ್ಕದ ಹಸಿಮಣ್ಣಿನಲ್ಲಿ ತಗಡು ಹುಗಿಯಲು ಕುಣಿ ತೋಡಿದರು. ಚಂದ್ರಾಮಪ್ಪ ಗಜಕಡ್ಡಿ ಹಿಡಿದು ಕುಣಿಯೊಳಗೆ ಇಳಿದು ಅಳೆದ, ಐದೂವರೆ ಫೂಟು ಬಂತು. ಮಿಸ್ತ್ರಿಯ ಮುಖ ನೋಡಿ, ಇನ್ನರ್ಧ ಫೂಟು ತೋಡು ಎಂದು ಸಲಿಕೆಯನ್ನು ಅವನ ಕೈಗೇ ಕೊಟ್ಟ.